ಊಟಕ್ಕೆ ಮುಂಚಿನ ಪ್ರಾರ್ಥನೆ

ಕೋಚ್ ಹೋಲ್ಕಂಬ್ ವರ್ಲೀನ್‌ಳ ಅಡುಗೆಮನೆಯಲ್ಲಿ ಕೂತು ಮತ್ತೆ ಮತ್ತೆ ಕೋಳಿ ಹಾಕಿಸಿಕೊಂಡಿದ್ದನ್ನು ಅವಳು ಮರೆತಿರಲಿಲ್ಲ. ತಿಂದಿದ್ದಕ್ಕೆ ಅವಳ ತಕರಾರಿಲ್ಲ. ಆದರೆ ತಿನ್ನುವ ಮುಂಚೆ ಅವಳ ಕೈ ಹಿಡಿದು, ಕಣ್ಣು ಮುಚ್ಚಿ, ದೇವರ ಹೆಸರೆತ್ತಿ, "ಈ ಹುಡುಗ ಇವತ್ತಿಂದ ನಮ್ಮವನು" ಅಂದಿದ್ದನಲ್ಲ, ಅದನ್ನು ನೆನೆದಾಗಲೆಲ್ಲ ಅವಳ ಮೈ ಉರಿಯುತ್ತಿತ್ತು.

ದಕ್ಷಿಣ ಜಾರ್ಜಿಯಾದ ಆ ಸಣ್ಣ ಊರಿನಲ್ಲಿ ಹೈಸ್ಕೂಲು ಹುಡುಗನೊಬ್ಬ ಅಮೆರಿಕನ್ ಫುಟ್‌ಬಾಲ್ ಆಟದಲ್ಲಿ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಎದುರಿಗೆ ಬಂದವರನ್ನೆಲ್ಲ ಕೆಡವಿ ಓಡಬಲ್ಲ ಅಂದರೆ ಸಾಕು, ಕಾಲೇಜುಗಳ ಕೋಚ್‌ಗಳು ಮನೆ ಬಾಗಿಲಿಗೆ ಬರುತ್ತಾರೆ. ಫೀಸಿಲ್ಲ, ಊಟ ವಸತಿ ಪುಕ್ಕಟೆ, ಆಡಿಕೊಂಡೇ ಓದು ಮುಗಿಸಬಹುದು. ವರ್ಲೀನ್‌ಳ ಮಗ ಟವಾರಿಸ್‌ಗಾಗಿ ನಾಲ್ಕು ಕಾಲೇಜಿನವರು ಬಂದಿದ್ದರು. ಹೋಲ್ಕಂಬ್‌ಗೆ ಹೂಂ ಅಂದ ಮರುದಿನವೇ ಅವಳು ಮಗನನ್ನು ಸೋಫಾದ ಮೇಲೆ ಕೂರಿಸಿ, ಉಳಿದ ಮೂವರಿಗೂ ಕಣ್ಣೆದುರೇ ಫೋನ್ ಮಾಡಿಸಿದಳು.

"ಒಬ್ರಿಗೆ ಮಾತು ಕೊಟ್ಮೇಲೆ ಇನ್ನೊಬ್ರನ್ನ ಕಾಯಿಸೋದು ಮರ್ಯಾದಸ್ಥರ ಕೆಲಸ ಅಲ್ಲ. ಬೇಡ ಅಂತ ನೆಟ್ಟಗೆ ಹೇಳು."

"ಅಮ್ಮಾ, ಸಹಿ ಹಾಕೋವರೆಗೂ ಎಲ್ಲಾ ಹುಡುಗ್ರೂ ಒಬ್ಬಿಬ್ರನ್ನ ಕೈಲಿ ಇಟ್ಕೊಂಡಿರ್ತಾರೆ."

"ಎಲ್ಲಾ ಹುಡುಗ್ರನ್ನ ನಾನು ಹೆತ್ತಿಲ್ಲ."

ಕಾಲೇಜಿನ ಒಪ್ಪಂದಕ್ಕೆ ಸಹಿ ಹಾಕುವ ದಿನ ಬಂತು. ಶಾಲೆಯ ಜಿಮ್ಮಿನಲ್ಲಿ ಮೇಜು ಹಾಕಿ, ಹೋಲ್ಕಂಬ್‌ನ ಕಾಲೇಜಿನ ಟೋಪಿ ಇಟ್ಟು, ಅದೇ ಬಣ್ಣದ ಕೇಕೂ ತರಿಸಿದ್ದರು. ಊರಿಗೆ ಊರೇ ಸೇರಿತ್ತು. ಹೋಲ್ಕಂಬ್‌ನ ಫೋನ್ ಬಂದದ್ದು ಆಗ.

"ಒಂದು ಸಣ್ಣ ಬದಲಾವಣೆ ಕಣಪ್ಪ. ಫ್ಲೋರಿಡಾದಲ್ಲಿ ಇನ್ನೊಬ್ಬ ಹುಡುಗ ಸಿಕ್ಬಿಟ್ಟ. ನೀನು ಈ ಸಲ ಬೇಡ, ಮುಂದಿನ ಜನವರಿಗೆ ಬಾ. ಅಲ್ಲೀವರೆಗೂ ಮನೇಲಿ ಕಸರತ್ತು ಮಾಡ್ಕೊಂಡಿರು."

ಅಷ್ಟೇ. ಜನವರಿಯ ಬಗ್ಗೆ ಬರಹದಲ್ಲಿ ಏನೂ ಇಲ್ಲ, ಬರೀ ಬಾಯಿಮಾತು. ಬೇಡ ಅನ್ನಿಸಿಕೊಂಡ ಮೂರು ಕಾಲೇಜುಗಳಲ್ಲಿ ಜಾಗಗಳು ಎಂದೋ ತುಂಬಿದ್ದವು. ಸೇರಿದ ಜನರ ಮುಂದೆ ನಗೆಪಾಟಲಾಗುವುದು ಬೇಡವೆಂದು ಶಾಲೆಯವರು ಖಾಲಿ ಕಾಗದವೊಂದನ್ನು ಮುಂದಿಟ್ಟರು. ಟವಾರಿಸ್ ಟೋಪಿ ಹಾಕಿಕೊಂಡು ಅದರ ಮೇಲೆ ಸಹಿ ಮಾಡಿದ. ಬ್ಯಾಂಡು ಬಾರಿಸಿತು. ಎಲ್ಲರ ಜೊತೆ ವರ್ಲೀನ್ ಕೂಡ ಚಪ್ಪಾಳೆ ತಟ್ಟಿದಳು. ತಟ್ಟಿದ ತನ್ನ ಕೈಗಳನ್ನು ಅವಳು ಇಂದಿಗೂ ಕ್ಷಮಿಸಿಲ್ಲ.

ಈಗ ಅದೇ ಹೋಲ್ಕಂಬ್ ಮತ್ತೆ ಟವಾರಿಸ್‌ಗೆ ಫೋನ್ ಮಾಡಿದ್ದ. ಊರವರೆಲ್ಲ ಗೌರವದಿಂದ ಮಿಸ್ ಯೂಲಾ ಅನ್ನುತ್ತಿದ್ದ ಪಕ್ಕದ ಮನೆಯ ಮುದುಕಿಯ ಮೊಮ್ಮಗ ಕೀಶಾನ್‌ನ ಮೇಲೆ ಅವನ ಕಣ್ಣು ಬಿದ್ದಿತ್ತು. ಹುಡುಗ ಗಾಳಿಯಂತೆ ಓಡುತ್ತಿದ್ದ. ಗುರುವಾರ ಅವರ ಮನೆಯಲ್ಲಿ ಊಟ. ನೀನೂ ಬಾ, ನಮ್ಮ ಬಗ್ಗೆ ಎರಡು ಒಳ್ಳೆ ಮಾತು ಹೇಳು, ಜನವರಿ ನನಗೆ ನೆನಪಿದೆ ಅಂದಿದ್ದ.

"ಮೂಗಿಗೆ ತುಪ್ಪ ಸವರ್ತಿದಾನೆ ಕಣೋ. ನಿನ್ನ ಮುಂದಿಟ್ಕೊಂಡು ಆ ಮಗೂನ ಹಿಡಿಯೋಕೆ ಬರ್ತಿದಾನೆ," ಅಂದಳು ವರ್ಲೀನ್.

"ನಂಗೂ ಗೊತ್ತಮ್ಮ. ಆದ್ರೆ ಜನವರಿ ಬಿಟ್ರೆ ನಂಗೆ ಬೇರೇನಿದೆ? ಊಟಕ್ಕೆ ಮಿಸ್ ಯೂಲಾ ನಿನ್ನೂ ಕರೆದಿದಾರೆ, ಆದ್ರೆ ನೀನು ಅವನ ಹತ್ರ ಒಂದು ಮಾತೂ ಆಡಬಾರ್ದು. ಆಣೆ ಮಾಡು."

ಅವನ ಕಣ್ಣು ನೋಡಲಾಗದೆ ಅವಳು ಆಣೆ ಮಾಡಿದಳು.

ಗುರುವಾರ ಯೂಲಾಳ ಮೇಜಿನ ಮೇಲೆ ಕರಿದ ಕೋಳಿ, ಹಂದಿಮಾಂಸ ಹಾಕಿ ಬೇಯಿಸಿದ ಸೊಪ್ಪು, ಮೆಕ್ಕೆಜೋಳದ ಬ್ರೆಡ್ಡು, ಸಿಹಿ ಐಸ್ ಟೀ ಎಲ್ಲ ಕೂತಿದ್ದವು. ಹೋಲ್ಕಂಬ್ ತಾಯಿ ಮಗನ ನಡುವೆ ಕುರ್ಚಿ ಎಳೆದುಕೊಂಡ.

"ಮಿಸ್ ವರ್ಲೀನ್! ನಿಮ್ಮ ಕೈಯಡುಗೆ ಇನ್ನೂ ನಾಲಿಗೆ ಮೇಲೇ ಇದೆ ನೋಡಿ."

ವರ್ಲೀನ್ ಬಾಯಿ ಬಿಡದೆ ತಲೆಯಾಡಿಸಿದಳು. ಅವನು ಟವಾರಿಸ್‌ನ ಬೆನ್ನು ತಟ್ಟಿ ಕೀಶಾನ್‌ಗೆ ಕಣ್ಣು ಹೊಡೆದ. "ಕೇಳು ಇವನ್ನ, ನಾವು ನಮ್ಮ ಹುಡುಗ್ರನ್ನ ಹೇಗೆ ನೋಡ್ಕೋತೀವಿ ಅಂತ."

ಟವಾರಿಸ್ ತಟ್ಟೆ ನೋಡುತ್ತಾ, "ಚೆನ್ನಾಗಿ ನೋಡ್ಕೋತಾರೆ," ಅಂದ.

"ಊಟ ಆರೋದ್ರೊಳಗೆ ಪ್ರಾರ್ಥನೆ ಆಗ್ಲಿ," ಅಂದ ಯೂಲಾ ಚರ್ಚಿನ ರೂಢಿಯಂತೆ ವರ್ಲೀನ್‌ಳನ್ನು ಕರೆದಳು. "ಸಿಸ್ಟರ್ ವರ್ಲೀನ್, ಚರ್ಚಲ್ಲಿ ನೀನೇ ತಾನೆ ಮಾಡೋದು, ಇಲ್ಲೂ ಮಾಡಮ್ಮ."

ಎಲ್ಲರೂ ಕೈ ಕೈ ಹಿಡಿದು ಕಣ್ಣು ಮುಚ್ಚಿದರು. ಆ ಊರಿನಲ್ಲಿ ಪ್ರಾರ್ಥನೆಯ ನಡುವೆ ಯಾರೂ ಬಾಯಿ ಹಾಕುವುದಿಲ್ಲ, ಹಿಡಿದ ಕೈ ಬಿಡುವುದಿಲ್ಲ. ಕಂಡ ಮನೆಯಲ್ಲೆಲ್ಲ ಪ್ರಾರ್ಥನೆ ಮಾಡಿ ಹುಡುಗರನ್ನು ಬುಟ್ಟಿಗೆ ಹಾಕಿಕೊಳ್ಳುವ ಹೋಲ್ಕಂಬ್‌ಗೂ ಅದು ಚೆನ್ನಾಗಿ ಗೊತ್ತಿತ್ತು.

"ಕರ್ತನೇ, ಈ ಊಟಕ್ಕೆ ನಿನಗೆ ಸ್ತೋತ್ರ. ಇದನ್ನ ಮಾಡಿದ ಯೂಲಾಳ ಕೈಗೆ ಬಲ ಕೊಡು."

"ಆಮೆನ್," ಅಂದಳು ಯೂಲಾ.

"ಕರ್ತನೇ, ಈ ಕೋಚ್‌ನ ಕೈ ನನ್ನ ಕೈಲಿದೆ. ನನ್ನ ಮನೇಲೂ ಇದೇ ಕೈ ಹಿಡ್ಕೊಂಡಿದ್ದೆ. ಆಗ ನಿನ್ನ ಮುಂದೆ ಇವನು ಏನು ಹೇಳ್ದ, ನೀನು ಕೇಳಿದೀಯ. ಆಮೇಲೆ ನನ್ನ ಮಗನ್ನ ನಡುನೀರಲ್ಲಿ ಕೈಬಿಟ್ಟಿದ್ದೂ ನೋಡಿದೀಯ."

ಹೋಲ್ಕಂಬ್‌ನ ಬೆರಳುಗಳು ಜಾರಲು ನೋಡಿದವು. ವರ್ಲೀನ್‌ಳದು ಶಾಲೆಯ ಅಡುಗೆಮನೆಯಲ್ಲಿ ದಿನಾ ಹಂಡೆ ಎತ್ತುವ ಕೈ, ಬಿಡಲಿಲ್ಲ.

"ಉಳಿದ ಕಾಲೇಜಿನವರಿಗೆಲ್ಲ ಮಗನ ಬಾಯಲ್ಲಿ ಬೇಡ ಅಂತ ಹೇಳಿಸಿದ್ದು ನಾನು. ಮಾತು ಅಂದ್ರೆ ಮಾತು ಅಂದ್ಕೊಂಡಿದ್ದೆ. ಇವತ್ತು ಅದೇ ಮಗನ್ನ ಗಾಳಕ್ಕೆ ಸಿಕ್ಕಿಸಿದ ಎರೆಹುಳದ ಹಾಗೆ ಇಲ್ಲಿ ಕೂರಿಸಿದಾನೆ. ಕರ್ತನೇ, ಕೀಶಾನ್‌ನ ಕಾಪಾಡು. ಇವನ ನಾಲಿಗೆಯಿಂದ ಕಾಪಾಡು."

ಅಲ್ಲಿಗೆ ಅವಳ ದನಿ ನಿಂತಿತು. ಜನವರಿ ಹೋಯಿತು, ಮಗನ ಕೈಗೆ ಉಳಿದಿದ್ದ ಒಂದೇ ಒಂದನ್ನೂ ನಾನೇ ಕಿತ್ತು ಎಸೆದೆ ಅನ್ನಿಸಿತು ಅವಳಿಗೆ. ಆಮೆನ್ ಅನ್ನಲು ಬಾಯಿ ಬರಲಿಲ್ಲ.

"ಆಮೆನ್," ಅಂತ ಹೋಲ್ಕಂಬ್‌ನೇ ಅವಸರದಲ್ಲಿ ಮುಗಿಸಿದ. ಯಾರೂ ಅವನಿಗೆ ದನಿಗೂಡಿಸಲಿಲ್ಲ.

"ಆಮೆನ್."

ಈ ಸಲ ಅಂದದ್ದು ಟವಾರಿಸ್. ಮೈದಾನದಲ್ಲಿ ಕೂಗುವಷ್ಟೇ ಗಟ್ಟಿಯಾಗಿ ಅಂದ. ಹೋಲ್ಕಂಬ್‌ನ ಕೈಯಿಂದ ತನ್ನ ಕೈ ಎಳೆದುಕೊಂಡು ಪ್ಯಾಂಟಿಗೆ ಒರೆಸಿದ.

"ಜನವರಿ ಗಿನವರಿ ಏನೂ ಇಲ್ಲ ಕಣೋ ಕೀಶಾನ್. ಅವತ್ತು ನಾನು ಸಹಿ ಹಾಕಿದ್ದು ಖಾಲಿ ಕಾಗದದ ಮೇಲೆ."

"ನೋಡಿ ಮಿಸ್ ಯೂಲಾ, ಇದರಲ್ಲಿ ಸ್ವಲ್ಪ ತಪ್ಪು ತಿಳುವಳಿಕೆ..." ಎಂದು ಹೋಲ್ಕಂಬ್ ಶುರು ಮಾಡಿದ.

ಯೂಲಾ ಎದ್ದು ಅವನ ಮುಂದಿನ ತಟ್ಟೆ ಎತ್ತಿಕೊಂಡಳು. ಮುಟ್ಟದ ಕೋಳಿ, ಸೊಪ್ಪು, ಬ್ರೆಡ್ಡು ಎಲ್ಲದರ ಮೇಲೂ ಅಲ್ಯೂಮಿನಿಯಂ ಹಾಳೆ ಮುಚ್ಚಿ, ಅಂಚುಗಳನ್ನು ಒತ್ತಿ, ಅವನ ಕೈಗಿಟ್ಟಳು.

"ದಾರಿ ದೂರ ಇದೆ ಕೋಚ್. ಕಾರಲ್ಲಿ ತಿನ್ಕೊಳಿ."

ಬಾಗಿಲು ಮುಚ್ಚಿದ ಸದ್ದಾದ ಮೇಲೂ ವರ್ಲೀನ್ ಮಗನ ಕಡೆ ನೋಡಲಿಲ್ಲ.

"ನಾನು ಅವನ ಹತ್ರ ಒಂದು ಮಾತೂ ಆಡಿಲ್ಲ," ಅಂದಳು.

"ಗೊತ್ತಮ್ಮ," ಅಂದ ಟವಾರಿಸ್. ಅವನ ಕಣ್ಣು ತುಂಬಿತ್ತು. ಹೋಲ್ಕಂಬ್ ಕೂತಿದ್ದ ಕುರ್ಚಿಯನ್ನು ಕಾಲಿನಿಂದ ಆಚೆ ತಳ್ಳಿ, ತನ್ನ ಕುರ್ಚಿಯನ್ನು ಅಮ್ಮನ ಪಕ್ಕಕ್ಕೆ ಎಳೆದುಕೊಂಡ.