ಪರದೆಯ ಹೊಲಿಗೆ

"ಏಳೇ, ಮೌಸು ನನ್ನ ಕೈಗೆ ಕೊಡು. ಮದುಮಗಳಿಗೆ ನಾನೇ ತೋರಿಸ್ತೀನಿ," ಎಂದು ಗಂಡ ಪಕ್ಕಕ್ಕೆ ಬಂದು ನಿಂತ. ಅವಳು ಸ್ಟುಡಿಯೋದ ಕಂಪ್ಯೂಟರಿನ ಮುಂದಿನ ಕುರ್ಚಿಯಿಂದ ಏಳಲಿಲ್ಲ. ಎದ್ದರೆ ಅವನು ಕೂರುತ್ತಾನೆ, ಕೂತವನು ಸುಮ್ಮನಿರದೆ ಒಂದೊಂದು ಫೋಟೋವನ್ನೂ ಸ್ಕ್ರೀನ್ ತುಂಬ ದೊಡ್ಡದು ಮಾಡುತ್ತಾನೆ. ಇವತ್ತು ಅದೊಂದು ಆಗಬಾರದಾಗಿತ್ತು.

"ನೀವು ಅವರ ಜೊತೆ ಮಾತಾಡ್ತಿರಿ. ನಾನು ತೋರಿಸ್ತೀನಿ," ಎಂದಳು.

"ನೋಡಿದ್ರಾ? ಫೋಟೋ ತೆಗೆಯೋನು ನಾನು, ದರ್ಬಾರು ಇವಳದ್ದು," ಎಂದು ಅವನು ಸೋಫಾದಲ್ಲಿದ್ದ ಮದುಮಗಳು ಮತ್ತು ಅವಳ ತಾಯಿಯ ಕಡೆ ತಿರುಗಿದ. ಮಗಳು ನಕ್ಕಳು. ತಾಯಿ ನಗಲಿಲ್ಲ; ಆಕೆ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ಸಿಗೆ ಕಾಯುವವರ ಹಾಗೆ ನೆಟ್ಟಗೆ ಕೂತಿದ್ದರು.

ನಗಿಸುವುದು ಅವನ ಕಸುಬಿನ ಅರ್ಧಭಾಗ. ಊರಿನಲ್ಲಿ ಸ್ಟುಡಿಯೋದ ಹೆಸರು ಹೇಳಿದರೆ ಗೊತ್ತಾಗದವರಿಗೂ 'ನಗುಮಾವ' ಅಂದರೆ ಗೊತ್ತಾಗುತ್ತಿತ್ತು. ಬಿಗಿದುಕೊಂಡು ನಿಂತ ಮದುಮಗನ ಹತ್ತಿರ ಹೋಗಿ, "ಇವತ್ತೊಂದು ದಿನ ನೀನು ನಕ್ಕುಬಿಡಪ್ಪ, ನಾಳೆಯಿಂದ ಪಕ್ಕದಲ್ಲಿರೋರು ನಿನ್ನ ನೋಡಿ ನಗ್ತಾರೆ," ಅನ್ನುವನು; ಸುತ್ತಲಿದ್ದವರು ಗೊಳ್ಳೆಂದಾಗ ಒತ್ತುವನು. ಬೇರೆಯವರು ಲೈಟು, ಅಲಂಕಾರ, ಮೇಲೆ ಹಾರುವ ಕ್ಯಾಮೆರಾ ಎಂದು ಓಡಾಡಲಿ, ಇವನಿಗೆ ಬೇಕಾದದ್ದು ಮುಖ. ಗೋಡೆಯ ಮೇಲೆ ತೂಗುಹಾಕಿದ ಫೋಟೋಗಳಲ್ಲೆಲ್ಲ ಬರೀ ಮುಖಗಳೇ. ಒಂದೊಂದರ ರೆಪ್ಪೆಗೂದಲನ್ನೂ ಬಿಡಿಬಿಡಿಯಾಗಿ ಎಣಿಸಬಹುದಿತ್ತು.

ಅವನ ಕ್ಯಾಮೆರಾದೊಳಗೆ ಒಂದು ಸಣ್ಣ ಕೆಂಪು ಚೌಕ ಇತ್ತು. ಅದನ್ನು ಎದುರಿನವರ ಕಣ್ಣಿನ ಮೇಲಿಟ್ಟು ಒತ್ತಿದರೆ ಕಣ್ಣು ಸ್ಪಷ್ಟ. ಬೆರಳಗಲ ಜಾರಿದರೆ ಹಿಂದಿನ ಗೋಡೆ ಸ್ಪಷ್ಟ, ಮುಖ ಮಸುಕು. ಹೊಸ ಕ್ಯಾಮೆರಾಗಳು ಮುಖವನ್ನು ತಾವೇ ಹುಡುಕಿಕೊಳ್ಳುತ್ತವಂತೆ. ಅಂಥದ್ದೊಂದು ಕೊಳ್ಳೋಣ ಎಂದು ಅವಳು ಎಷ್ಟೋ ಸಲ ಹೇಳಿದ್ದಳು. "ಮುಖ ಹುಡುಕೋಕೂ ಯಂತ್ರ ಬೇಕು ಅಂದ್ರೆ ನಾನ್ಯಾಕೆ? ಅದನ್ನೇ ಮದುವೆಗೆ ಕಳಿಸಿಬಿಡು, ಊಟ ಮಾಡ್ಕೊಂಡು ಬರುತ್ತೆ," ಎಂದು ಅವನು ಆ ಮಾತನ್ನು ಹಾರಿಸಿಬಿಟ್ಟಿದ್ದ.

ಅವಳಿಗೆ ಮೊದಲು ಅನುಮಾನ ಬಂದದ್ದು ಕ್ಯಾಮೆರಾ ಒರೆಸುವಾಗ. ಬಲಗಣ್ಣಿಟ್ಟು ನೋಡುವವನ ಮೂಗು ಕ್ಯಾಮೆರಾದ ಅಂಚಿಗೆ ತಾಗುತ್ತದೆ, ಹಿಂಬದಿಯ ಪುಟ್ಟ ಸ್ಕ್ರೀನು ಚೊಕ್ಕವಾಗಿರುತ್ತದೆ. ಒಂದು ದಿನ ಆ ಸ್ಕ್ರೀನಿನ ನಟ್ಟನಡುವೆ ಮೂಗಿನ ಜಿಡ್ಡು, ಕೆನ್ನೆಯ ಬೆವರು. ಅವನು ಎಡಗಣ್ಣಿಗೆ ಹೊರಳಿಕೊಂಡಿದ್ದ. ಕೇಳಿದರೆ, "ಬಲಗಣ್ಣು ಜನ್ಮವಿಡೀ ದುಡಿದಿದೆ, ಅದಕ್ಕೆ ರಜ ಕೊಟ್ಟಿದ್ದೀನಿ," ಎಂದ. ಆಮೇಲೆ ಮೆಟ್ಟಿಲಿನ ಮೇಲೆ ಕಾಲು ತಡವರಿಸತೊಡಗಿತು. ಎದುರು ನಿಂತವರನ್ನು ದನಿ ಕೇಳಿದ ಮೇಲಷ್ಟೇ ಹೆಸರು ಹಿಡಿದು ಕರೆಯತೊಡಗಿದ. ಅವಳು ಹಟ ಮಾಡಿ ಡಾಕ್ಟರ ಹತ್ತಿರ ಹೊರಡಿಸಿದಳು. ಜೊತೆಗೆ ಬರಬೇಡ ಎಂದು ಒಬ್ಬನೇ ಹೋದ. ಬಸ್ಸು ಹತ್ತದೆ ಅಷ್ಟು ದೂರ ನಡೆದುಕೊಂಡೇ ಬಂದ. "ಕಣ್ಣು ಒಣಗಿದೆಯಂತೆ, ಹನಿ ಹಾಕ್ಕೋ ಅಂದ್ರು," ಎಂದು ಹೇಳಿ ಮುಖ ತೊಳೆಯಲು ಹೋದ. ಹನಿ ಹಾಕಿಕೊಂಡದ್ದನ್ನು ಅವಳು ಒಂದು ದಿನವೂ ನೋಡಲಿಲ್ಲ.

ಅಲ್ಲಿಂದಾಚೆಗೆ ಬಂದ ಮದುವೆಗಳನ್ನೆಲ್ಲ ಅವಳೇ ಕಂಪ್ಯೂಟರಿನಲ್ಲಿ ದಡ ಹತ್ತಿಸಿದ್ದಳು. ಸ್ವಲ್ಪ ಮಸುಕಾದ ಮುಖಗಳ ಅಂಚು ತಿದ್ದಿದಳು. ತಿದ್ದಲಾಗದವನ್ನು ಕಪ್ಪು ಬಿಳುಪು ಮಾಡಿದಳು. ಅದಕ್ಕೂ ಬಗ್ಗದವನ್ನು ಪೂರ್ತಿ ಮಂಜು ಮಾಡಿ ಅಲ್ಲಲ್ಲಿ ಬೆಳಕು ಚೆಲ್ಲಿದಾಗ, "ಅಯ್ಯೋ, ಸಿನಿಮಾ ಥರ ಇದೆ ಅಕ್ಕಾ!" ಎಂದು ಒಬ್ಬ ಮದುಮಗಳು ಅವಳ ಕೈ ಹಿಡಿದುಕೊಂಡಿದ್ದಳು. ಗಂಡ ಅದನ್ನು ಕೇಳಿಸಿಕೊಂಡು ಕಾಲರ್ ಸರಿಮಾಡಿಕೊಂಡಿದ್ದ.

ಆದರೆ ಈ ಮದುವೆಯ ಫೋಟೋಗಳಲ್ಲಿ ತಿದ್ದಿ ಉಳಿಸಿಕೊಳ್ಳುವಂಥದ್ದು ಒಂದೂ ಇರಲಿಲ್ಲ.

ಅವಳು ಫೋಟೋಗಳನ್ನು ಚಿಕ್ಕಚಿಕ್ಕದಾಗಿ, ಒಂದು ಪುಟಕ್ಕೆ ರಾಶಿರಾಶಿ ಇಟ್ಟು ಮೇಲಕ್ಕೆ ಸರಿಸುತ್ತ ಹೋದಳು. ಬಣ್ಣ ಚೆನ್ನಾಗಿತ್ತು. ಎಲ್ಲರೂ ನಿಲ್ಲಬೇಕಾದ ಕಡೆ ನಿಂತಿದ್ದರು. ಗಂಡ ನೆನಪಿನಿಂದಲೇ ವರ್ಣಿಸುತ್ತಿದ್ದ: "ಅದು ನೋಡಿ, ನೀವು ಹೂಗುಚ್ಛ ಇಸ್ಕೊಂಡಿದ್ದು. ಅದರ ಮುಂದಿನದು ನಿಮ್ಮ ಅಣ್ಣ ತಬ್ಕೊಂಡಿದ್ದು. ಎಂಥಾ ಗಟ್ಟಿ ಆಸಾಮಿ, ಮಗುವಿನ ಹಾಗೆ ಅತ್ತುಬಿಟ್ಟ! ಅದೊಂದು ಸಿಕ್ಕಿದ್ದು ನನ್ನ ಪುಣ್ಯ."

"ಅದನ್ನೇ ದೊಡ್ಡದು ಮಾಡಿ ಅಕ್ಕ," ಎಂದಳು ಮದುಮಗಳು, ಸೋಫಾದಿಂದ ಮುಂದಕ್ಕೆ ಜರುಗಿ. "ಅಣ್ಣ ಅತ್ತಿದ್ದು ನಾನು ನೋಡೇ ಇಲ್ಲ. ನನ್ನ ಮುಖ ಅವನ ಭುಜದಲ್ಲಿತ್ತಲ್ಲ."

"ಮೊದಲು ಎಲ್ಲ ಒಂದು ಸಲ ನೋಡ್ಕೊಂಡುಬಿಡಿ."

"ಮಾಡಮ್ಮ, ಮಾಡು. ಕೇಳ್ತಿದ್ದಾಳಲ್ಲ," ಎಂದ ಗಂಡ.

ಮಾಡಿದಳು.

ಸ್ಕ್ರೀನಿನ ತುಂಬ ನೀಲಿ ಪರದೆ ಎದ್ದು ಬಂತು. ವೇದಿಕೆಯ ಹಿಂದೆ ಕಟ್ಟಿದ್ದ ಪರದೆ. ಅದರ ನೇಯ್ಗೆ, ಮಡಿಕೆ, ಸಿಕ್ಕಿಸಿದ ಗುಂಡುಪಿನ್ನು, ಒಂದು ಕಡೆ ಬಿಟ್ಟುಹೋದ ಹೊಲಿಗೆ. ಅದರ ಮುಂದೆ ಅಣ್ಣ ತಂಗಿ ಇಬ್ಬರೂ ನೀರಿನೊಳಗಿಂದ ನೋಡಿದ ಹಾಗೆ ಕಲಸಿಹೋಗಿದ್ದರು. ಅಣ್ಣ ಅಳುತ್ತಿದ್ದನೋ ಆಕಳಿಸುತ್ತಿದ್ದನೋ ಹೇಳುವಂತಿರಲಿಲ್ಲ.

"ಎಷ್ಟು ಚೆನ್ನಾಗಿ ಬಂದಿದೆ ನೋಡಿ," ಎಂದ ಗಂಡ.

ಮದುಮಗಳು ಅವನ ಮುಖ ನೋಡಿದಳು, ತಮಾಷೆ ಮಾಡುತ್ತಿದ್ದಾನೇನೋ ಎಂದು. ಅವನು ನಗುನಗುತ್ತ ಸ್ಕ್ರೀನಿನ ಕಡೆಗೇ ತಿರುಗಿದ್ದ.

"ಮುಂದಿನದು," ಎಂದರು ತಾಯಿ. "ಅದರ ಮುಂದಿನದು." ಅವರು ಎದ್ದು ಬಂದು ಸ್ಕ್ರೀನಿಗೆ ಮೂಗು ತಾಗುವಷ್ಟು ಬಗ್ಗಿದರು. "ಪರದೆಯ ಹೊಲಿಗೆ ಲೆಕ್ಕ ಹಾಕಬಹುದು. ನನ್ನ ಮಗಳ ಮೂಗೆಲ್ಲಿ ಸ್ವಾಮಿ? ಇದರಲ್ಲಿ ನೋಡಿ, ಮೈಕಿನವನ ಹಲ್ಲು ಕೂಡ ಕಾಣುತ್ತೆ. ಮದುವೆ ಅವನದ್ದಾ?"

ಗಂಡನ ನಗು ಇನ್ನೂ ಇದ್ದಲ್ಲೇ ಇತ್ತು. ಅದನ್ನು ತೆಗೆಯುವುದು ಅವನಿಗೆ ಹೊಳೆದಿರಲಿಲ್ಲ. "ಇಲ್ಲ ತಾಯಿ, ಅವತ್ತು ನಾನು ಕ್ಯಾಮೆರಾದಲ್ಲಿ ನೋಡಿದೀನಿ..." ಎಂದು ಶುರುಮಾಡಿದ. ಅವನ ಕೈ ಮೇಜಿನ ಅಂಚನ್ನು ಹುಡುಕಿ ಹಿಡಿದುಕೊಂಡಿತು.

ಅವಳು ಆ ಕೈಯನ್ನು ನೋಡಿದಳು.

"ಅವರು ಸರಿಯಾಗೇ ತೆಗೆದಿದ್ರು," ಎಂದಳು. ದನಿ ತನ್ನದಲ್ಲವೆನಿಸಿತು. "ನನ್ನಿಂದಲೇ ಆದ ತಪ್ಪು. ಕಂಪ್ಯೂಟರಿಗೆ ಹಾಕಿ ತಿದ್ದೋವಾಗ ಏನೋ ಮಾಡಿಬಿಟ್ಟೆ. ಎಲ್ಲ ಹೀಗಾಗೋಯ್ತು. ಮೊದಲಿನದು ಉಳಿದಿಲ್ಲ."

ಗಂಡ ಅವಳ ಕಡೆ ತಿರುಗಿದ. ಅವನ ಮುಖದಲ್ಲಿ ಮೊದಲು ಬಂದದ್ದು ಸಿಟ್ಟಲ್ಲ. ಬಿದ್ದೇಬಿಟ್ಟೆ ಎಂದುಕೊಂಡವನ ಕಾಲಿಗೆ ನೆಲ ಸಿಕ್ಕಾಗ ಬರುವಂಥದ್ದೇನೋ ಬಂತು. ಆಮೇಲೆ ಸಿಟ್ಟು ಬಂತು, ನಿಜವಾದ ಸಿಟ್ಟೇ. "ಬುದ್ಧಿ ಇದೆಯೇನೇ ನಿನಗೆ? ಒಂದು ಮಾತು ನನ್ನ ಕೇಳ್ಬಾರದಾಗಿತ್ತಾ? ಬೇರೆಯವರ ಮನೆ ಮದುವೆ ಇದು, ನಿನ್ನ ಆಟದ ಸಾಮಾನಲ್ಲ!"

ಅವಳು ತಲೆ ತಗ್ಗಿಸಿದಳು.

ತಾಯಿ ಬಯ್ಯಲು ಬಾಯಿ ತೆರೆದವರು ಗಂಡನ ಬಯ್ಗುಳ ಕೇಳಿ ಸುಮ್ಮನಾದರು. ಮದುಮಗಳು ಮಾತ್ರ ಕೇಳಿದಳು: "ಅಕ್ಕ, ಒಂದಾದ್ರೂ ಇಲ್ವಾ? ಒಂದೇ ಒಂದು?" ಅವಳು ಇಲ್ಲವೆಂದು ತಲೆಯಾಡಿಸಿದಾಗ ಹುಡುಗಿ ಕರ್ಚೀಫಿನಿಂದ ಬಾಯಿ ಒತ್ತಿಹಿಡಿದು ಹೊರಗೆ ಹೋದಳು. ತಾಯಿ ಬಾಗಿಲಲ್ಲಿ ನಿಂತು, "ಇನ್ನೊಂದು ಸಲ ಮದುವೆ ಮಾಡೋಕಾಗುತ್ತೇನಮ್ಮ?" ಎಂದರು. ಜಗಳದ ದನಿಯಲ್ಲಿ ಅಲ್ಲ, ಉಪಾಯವಿದ್ದರೆ ಹೇಳು ಅನ್ನುವವರ ಹಾಗೆ. ಗಾಜಿನ ಬಾಗಿಲು ತನ್ನಷ್ಟಕ್ಕೆ ಮುಚ್ಚಿಕೊಂಡಿತು.

ರಸ್ತೆಯಲ್ಲಿ ಯಾರೋ ಸ್ಕೂಟರನ್ನು ಒದ್ದೂ ಒದ್ದೂ ಸ್ಟಾರ್ಟ್ ಮಾಡುತ್ತಿದ್ದರು.

"ಭಾನುವಾರದ ಮದುವೆಗೆ," ಎಂದಳು ಅವಳು ಕೊನೆಗೆ, "ಜೊತೆಗೆ ಇನ್ನೊಬ್ಬರನ್ನ ಕರ್ಕೊಂಡು ಹೋಗಿ. ನಿಮಗೂ ಒಬ್ಬರಿಗೇ ಓಡಾಟ ಆಗಲ್ಲ."

"ಯಾಕೆ? ಹಾಳು ಮಾಡಿದ್ದು ನೀನು. ನಾನ್ಯಾಕೆ ಇನ್ನೊಬ್ಬನನ್ನ ಕರೀಲಿ?"

ಅವಳು ಹೇಳಿದ ಸುಳ್ಳು ಅವಳೆದುರೇ ಕಾಲಮೇಲೆ ಕಾಲು ಹಾಕಿ ಕೂತಂತಿತ್ತು. ಅವನು ಭಾನುವಾರ ಹೋಗುತ್ತಾನೆ. ಯಾರನ್ನೋ ನಗಿಸುತ್ತಾನೆ. ಅವರು ನಗುವಾಗ ಹಿಂದಿನ ಗೋಡೆಯ ಫೋಟೋ ತೆಗೆದುಕೊಂಡು ಬರುತ್ತಾನೆ.

"ನೀನೇ ಅಲ್ವಾ ಹಾಳು ಮಾಡಿದ್ದು?" ಎಂದು ಅವನು ಮತ್ತೆ ಕೇಳಿದ. ಈ ಸಲ ದನಿ ಇಳಿದಿತ್ತು.

"ಹ್ಞೂಂ. ನಾನೇ."

ಅವನು ಕಪಾಟಿನ ಅಂಚನ್ನು ಸವರಿಕೊಂಡು ಹೋಗಿ ಕ್ಯಾಮೆರಾ ತೆಗೆದ. "ಅಲ್ಲಿ ನಿಂತ್ಕೋ. ಒಂದು ತೆಗೀತೀನಿ."

"ಈಗ್ಯಾಕೆ?"

"ನಿಂತ್ಕೊಳ್ಳೇ ಅಂದ್ರೆ."

ಅವಳು ಗೋಡೆಯ ಹತ್ತಿರ ನಿಂತಳು. ಅವನು ಕ್ಯಾಮೆರಾ ಎತ್ತಿದ, ಇಳಿಸಿದ, ಮತ್ತೆ ಎತ್ತಿದ. ನಗಿಸಲಿಲ್ಲ. ಒತ್ತಿದ. ಆಮೇಲೆ ಹತ್ತಿರ ಬಂದು ಕ್ಯಾಮೆರಾವನ್ನು ಅವಳ ಕೈಗೇ ಕೊಟ್ಟ. "ದೊಡ್ಡದು ಮಾಡಿ ನೋಡು. ಕಂಪ್ಯೂಟರ್ ಬೇಡ, ಇದರಲ್ಲೇ ನೋಡು. ಹೇಗಿದೆ ಹೇಳು."

ಅವಳು ಗುಂಡಿ ಒತ್ತಿ ದೊಡ್ಡದು ಮಾಡಿದಳು. ಗೋಡೆಯ ಸುಣ್ಣ ಚಕ್ಕೆ ಎದ್ದಿತ್ತು. ಒಂದೊಂದು ಚಕ್ಕೆಯ ಅಂಚೂ, ಅದರ ಕೆಳಗಿನ ನೆರಳೂ ಕಾಣುತ್ತಿದ್ದವು. ಅದರ ಮುಂದೆ ಹಣೆ, ಕಣ್ಣು, ಬಾಯಿ ಒಂದರೊಳಗೊಂದು ಇಳಿದುಹೋದ ಯಾರೋ ಒಬ್ಬ ಹೆಂಗಸು.

ಅವನು ಕಾಯುತ್ತಿದ್ದ. ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವರೂ ಹಾಗೆ ಉಸಿರು ಹಿಡಿಯುವುದಿಲ್ಲ.

"ನಾನು ಅಲ್ಲಾಡಿಬಿಟ್ಟೆ ಅನ್ಸುತ್ತೆ," ಎಂದಳು. "ಇನ್ನೊಂದು ತೆಗೀರಿ."

ಅವನು ಕ್ಯಾಮೆರಾ ತಿರುಗಿ ತೆಗೆದುಕೊಳ್ಳಲು ಕೈ ಚಾಚಿದ. ಕೈ ಅವಳ ಮೊಣಕೈಗೆ ತಾಗಿ, ಅಲ್ಲಿಂದ ಕೆಳಗಿಳಿದು ಕ್ಯಾಮೆರಾ ಹಿಡಿಯಿತು. ಹಿಂದಕ್ಕೆ ಹೆಜ್ಜೆಯಿಟ್ಟು ನಿಂತ.

"ಸರಿ. ಈಗ ಅಲ್ಲಾಡಬೇಡ."

"ಇಲ್ಲ."

ಅವಳು ಬೆನ್ನನ್ನು ಗೋಡೆಗೆ ಒತ್ತಿ, ರೆಪ್ಪೆ ಕೂಡ ಮಿಟುಕಿಸದೆ ನಿಂತಳು. ಕ್ಯಾಮೆರಾ ಎತ್ತುವ ಮುಂಚೆ ಅವಳನ್ನು ನೋಡಿಕೊಳ್ಳಬೇಕೆಂದು ಅವನು ಮುಖವನ್ನು ಮೆಲ್ಲಗೆ ಒಂದು ಪಕ್ಕಕ್ಕೆ ತಿರುಗಿಸಿದ, ಇನ್ನೂ ಸ್ವಲ್ಪ ತಿರುಗಿಸಿದ. ಕೊನೆಗೆ ಅವಳಿಂದ ಮಾರು ದೂರದ ಖಾಲಿ ಗೋಡೆಯನ್ನು ದಿಟ್ಟಿಸುತ್ತ, ಕಣ್ಣಂಚಿನಲ್ಲಿ ಅವಳನ್ನು ಹಿಡಿದವನ ಹಾಗೆ, "ಹಾಂ, ಈಗ ಕಂಡೆ," ಎಂದ.