ಕಾಶಿಗೆ ಹೊರಟ ದೀಪ

ಮೂರು ಲೋಕದಲ್ಲಿ ಇಲ್ಲದ ವ್ಯಾನು ನನ್ನದು: ಒಳಗೇ ಒಲೆ, ಮಂಚ, ಬಚ್ಚಲು. ಮನೆಮಂದಿಯನ್ನು ಕಾಶಿಗೆ ಕರೆದೊಯ್ಯುತ್ತೇನೆಂದು ಚಳ್ಳಕೆರೆಗೆಲ್ಲ ಡಂಗುರ ಸಾರಿ ಹೊರಟೆ. ಇದೂ ಮನೆಯೇ ಎಂದು ಅವ್ವ ವ್ಯಾನಿಗೆ ಗೃಹಪ್ರವೇಶ ಮಾಡಿ, ನಮ್ಮ ದೇವರ ಕೋಣೆಯ ನಂದಾದೀಪದಿಂದ ಒಂದು ಹಣತೆ ಹಚ್ಚಿ, ಅದನ್ನು ಹಿಡಿದು ವ್ಯಾನಿನೊಳಗೆ ಕೂತಳು.

"ಶಶಿ, ನಿಧಾನ ಕಣೋ! ದೀಪ ಅಲ್ಲಾಡ್ತೈತೆ!"

ಗಾಳಿಯನ್ನೇ ಹಿಂದಿಕ್ಕುವ ನನ್ನನ್ನು ಕುರಿಹಿಂಡುಗಳು ಹಿಂದಿಕ್ಕಿದವು. ಒಂದು ಮುದಿ ಟಗರು ತಿರುಗಿ ನೋಡಿ ನಕ್ಕಿತು, ದೇವರಾಣೆಗೂ.

"ರೀ, ಹಿಂಗೇ ಹೋದ್ರೆ ಕಾಶಿ ಮುಟ್ಟೋದ್ರೊಳಗೆ ನಮ್ಮ ಬಾಯಿಗೇ ಗಂಗಾಜಲ ಬಿಡ್ಬೇಕಾಗ್ತೈತೆ," ಎಂದು ಹೆಂಡತಿ ದಾಕ್ಷಾಯಿಣಿ ಗೊಣಗಿದಳು.

ಮೊಳಕಾಲ್ಮುರು ಕಾಣುವಷ್ಟರಲ್ಲಿ ತಾಳ್ಮೆ ಕೆಟ್ಟು ವೇಗ ಹೆಚ್ಚಿಸಿದೆ. ದೀಪ ಆರಿಹೋಯಿತು. ಅಬ್ಬಾ, ಇನ್ನು ರಾಕೆಟ್ಟಿನಂತೆ ಹಾರಬಹುದು ಅಂದುಕೊಂಡೆ.

"ವ್ಯಾನ್ ತಿರುಗ್ಸಪ್ಪಾ," ಎಂದಳು ಅವ್ವ. "ಮನೆ ದೀಪದಿಂದ್ಲೇ ಮತ್ತೆ ಹಚ್ಕೊಂಡು ಬರಾಣ."