ನೀರಿಗೆ ಬಿದ್ದ ಮ್ಯಾಂಡೊಲಿನ್

ಕಾಣಿಯೂರಿನ ಕೃಷ್ಣಮೋಹನ ಮ್ಯಾಂಡೊಲಿನ್ ಕಲಿತದ್ದು ಊರಿಗೆ ಬಂದಿದ್ದ ನಾಟಕ ಕಂಪೆನಿಯ ವಾದಕನಿಂದ, ಅವನದೇ ವಾದ್ಯದಲ್ಲಿ. ಕಂಪೆನಿ ಡೇರೆ ಕಿತ್ತು ಹೋದ ಮೇಲೂ ಕೃಷ್ಣಮೋಹನನ ಬೆರಳುಗಳು ಸುಮ್ಮನಿರಲಿಲ್ಲ. ಕೈಯಲ್ಲಿ ಒಂದಿಷ್ಟು ಕೂಡಿದ್ದೇ ತಡ, ಪುತ್ತೂರಿಗೆ ಬಸ್ಸು ಹತ್ತಿದ. ಅಲ್ಲಿನ ದರ್ಬೆಯಲ್ಲಿ ರವೂಫ್ ಎಂಬವರು ಹಳೆಯ ಹಾರ್ಮೋನಿಯಂ, ಗ್ರಾಮಫೋನುಗಳನ್ನು ರಿಪೇರಿ ಮಾಡಿ ಮಾರುತ್ತಿದ್ದರು.

ಅಲ್ಲಿ ಮೂರು ಮ್ಯಾಂಡೊಲಿನ್‌ಗಳಿದ್ದವು. ಮಿರಮಿರ ಮಿಂಚುತ್ತಿದ್ದ ಹೊಸದರ ಸ್ವರ ಡಬ್ಬ ಬಡಿದಂತಿತ್ತು. ಎರಡನೆಯದರ ಕುತ್ತಿಗೆ ಬಾಗಿ, ತಂತಿ ಒತ್ತಿದರೆ ಬೆರಳು ನೋಯುತ್ತಿತ್ತು. ಮೂರನೆಯದು ಬಣ್ಣಗೆಟ್ಟ ಹಳೆಯದು. ಕೃಷ್ಣಮೋಹನ ಅದರ ಒಂದೊಂದೇ ಮೆಟ್ಟನ್ನು ಒತ್ತಿ ಮೀಟಿದ. ಎಲ್ಲಿಯೂ ಜಿರ್ರೆನ್ನಲಿಲ್ಲ. ಕೈ ತೆಗೆದ ಮೇಲೂ ನಾದ ಅಂಗಡಿಯ ಮೂಲೆಯಲ್ಲೆಲ್ಲೋ ಉಳಿದು ಮೆಲ್ಲನೆ ಕರಗಿತು.

"ಇದೇ ಎಲ್ಲಕ್ಕಿಂತ ಅಗ್ಗ ಯಾಕೆ?"

"ಹಿಂದೆ ಬಿರುಕು ಉಂಟು ಭಟ್ರೆ, ನಾನೇ ಅಂಟು ಹಾಕಿದ್ದು. ಹೊಳೆಗೆ ಬಿದ್ದದ್ದಂತೆ," ಎಂದರು ರವೂಫ್. "ಆಲಂಕಾರಿನ ಮಹಾಬಲಣ್ಣ ತಂದು ಕೊಟ್ಟದ್ದು. ಬೇಗ ಮಾರಿ, ದೂರದವರಿಗೇ ಮಾರಿ ಅಂತ ಹೇಳಿದ್ರು. ಯಾಕೋ ಗೊತ್ತಿಲ್ಲ."

ಆ ಮಾತಿನ ಕಡೆ ಕೃಷ್ಣಮೋಹನನ ಲಕ್ಷ್ಯವಿರಲಿಲ್ಲ. ವಾದ್ಯವನ್ನು ಮಗುವಿನಂತೆ ಎದೆಗೊತ್ತಿಕೊಂಡು ಮನೆಗೆ ಬಂದ.

ವರ್ಷ ತಿರುಗುವಷ್ಟರಲ್ಲಿ ಅವನ ಹೆಸರು ಹೊಳೆಯಾಚೆಗೂ ಹೋಯಿತು. ಆಲಂಕಾರಿನ ಒಂದು ದೊಡ್ಡ ಮನೆಯಿಂದ, ಮಗುವಿನ ತೊಟ್ಟಿಲ ಶಾಸ್ತ್ರಕ್ಕೆ ನುಡಿಸಬೇಕೆಂದು ಹೇಳಿಕಳಿಸಿದರು. ಕುಮಾರಧಾರೆಯನ್ನು ದೋಣಿಯಲ್ಲಿ ದಾಟಿ, ಬೆಳಿಗ್ಗೆಯೇ ಹೋದ. ಚಾವಡಿಯಲ್ಲಿ ಕುಳಿತ ಮೇಲೆಯೇ ಅವನಿಗೆ ಗೊತ್ತಾದದ್ದು, ಮನೆಯ ಯಜಮಾನನ ಹೆಸರು ಮಹಾಬಲ, ರವೂಫ್ ಹೇಳಿದ್ದ ಅದೇ ಹೆಸರು ಎಂದು.

ನಗುನಗುತ್ತ ಬೆಲ್ಲ ನೀರು ಕೊಡಿಸಿದ್ದ ಮಹಾಬಲ, ಚೀಲದಿಂದ ವಾದ್ಯ ಹೊರಬಂದದ್ದೇ ಮಾತು ನಿಲ್ಲಿಸಿದ. ಅಷ್ಟರಲ್ಲಿ ಮೊದಲ ಸ್ವರ ಎದ್ದಾಗಿತ್ತು. ತೊಟ್ಟಿಲ ಬಳಿಯಿದ್ದ ಅವನ ಹೆಂಡತಿ ಪಂಕಜಾಕ್ಷಿ ಧಡಕ್ಕನೆ ಎದ್ದು ಬಂದಳು.

"ಇದು ನನ್ನ ತಮ್ಮ ದೇವದಾಸನದ್ದು," ಎಂದಳು. "ಈ ಸ್ವರ ನನಗೆ ಗೊತ್ತಿಲ್ವಾ? ಇಲ್ಲಿ ನೋಡಿ, ಅವನ ಉಂಗುರ ತಾಗಿ ಸವೆದದ್ದು. ಇದನ್ನು ತೆಕೊಂಡೇ ಬೊಂಬಾಯಿಗೆ ಹೋದದ್ದು ಅವ. ಆಮೇಲೆ ಸುದ್ದಿಯೇ ಇಲ್ಲ. ನಿಮಗೆ ಎಲ್ಲಿ ಸಿಕ್ಕಿತು?"

ಮಹಾಬಲ ರೆಪ್ಪೆ ಬಡಿಯದೆ ಕೃಷ್ಣಮೋಹನನನ್ನೇ ನೋಡುತ್ತಿದ್ದ.

"ದರ್ಬೆಯಲ್ಲಿ... ಯಾರು ಮಾರಿದ್ದೋ ಗೊತ್ತಿಲ್ಲ," ಎಂದ ಕೃಷ್ಣಮೋಹನ.

ಊಟವಾದದ್ದೇ ಮಹಾಬಲ ತಾನಾಗಿಯೇ ಅವನನ್ನು ಹೊಳೆಯ ತನಕ ಬಿಡಲು ಹೊರಟ. ದಾರಿಯುದ್ದಕ್ಕೂ ಅವನದು ಒಂದು ಹೆಜ್ಜೆ ಹಿಂದೆಯೇ ನಡಿಗೆ.

"ಅವಳ ತವರಿನ ತೋಟ ಈಗ ನಾನೇ ನೋಡುದು," ಎಂದ. "ಗಂಡು ದಿಕ್ಕಿಲ್ಲ ಅಲ್ಲಿ. ಅದಿರ್ಲಿ, ರವೂಫ್ ನಿಮ್ಮಲ್ಲಿ ಎಂತ ಹೇಳಿದ?"

"ಎಂತದೂ ಹೇಳ್ಲಿಲ್ಲ."

"ಒಳ್ಳೇದಾಯ್ತು." ಹೊಳೆ ಕಂಡಿತು. ದೋಣಿ ಈಚೆ ದಡದಲ್ಲಿತ್ತು, ದೋಣಿಯವನು ಕಾಣಲಿಲ್ಲ. ಮಹಾಬಲ ಪಂಚೆ ಎತ್ತಿ ಕಟ್ಟಿ, ದೋಣಿ ನೂಕುವ ಜಲ್ಲೆಗೆ ಕೈ ಹಾಕಿದ. "ಕೂತ್ಕೊಳ್ಳಿ ಭಟ್ರೆ. ನಾನೇ ದಾಟಿಸ್ತೇನೆ. ನಡುವೆ ಮಾತ್ರ ಸ್ವಲ್ಪ ಆಳ ಉಂಟು."

ಕೃಷ್ಣಮೋಹನ ದೋಣಿ ಹತ್ತದೆ ನಿಂತ. ಹೊಳೆಗೆ ಬಿದ್ದದ್ದಂತೆ ಎಂಬ ರವೂಫರ ಮಾತು ಆಗ ಅವನ ತಲೆಯೊಳಗೆ ಬಿಚ್ಚಿಕೊಂಡಿತು. ತಿರುಗಿದವನೇ, ಬಂದ ದಾರಿಯಲ್ಲಿ ಓಡಿದ. ಹಿಂದಿನಿಂದ ಮಹಾಬಲ ಕೂಗಲಿಲ್ಲ. ಕೂಗದೆ ಇದ್ದದ್ದೇ ಅವನನ್ನು ಇನ್ನಷ್ಟು ಓಡಿಸಿತು.

ನೆಂಟರಿಷ್ಟರು ಇನ್ನೂ ವೀಳ್ಯ ಹಾಕುತ್ತ ಕುಳಿತಿದ್ದರು. ಏದುಸಿರು ಬಿಡುತ್ತ, ಕೃಷ್ಣಮೋಹನ ಮ್ಯಾಂಡೊಲಿನನ್ನು ಪಂಕಜಾಕ್ಷಿಯ ಕೈಯಲ್ಲಿಟ್ಟ.

"ಅಕ್ಕ, ಆಗ ನಾನು ಸುಳ್ಳು ಹೇಳಿದ್ದು. ಇದನ್ನು ಮಾರಿದ್ದು ನಿಮ್ಮ ಯಜಮಾನ್ರೇ. ಹೊಳೆಗೆ ಬಿದ್ದದ್ದು ಅಂತ ಹೇಳಿ ಕೊಟ್ಟದ್ದಂತೆ."

ಪಂಕಜಾಕ್ಷಿ ಅಳಲಿಲ್ಲ. ತೊಟ್ಟಿಲಿನಿಂದ ಮಗುವನ್ನೆತ್ತಿ, ಇನ್ನೊಂದು ಕೈಯಲ್ಲಿ ವಾದ್ಯ ಹಿಡಿದು, ಉಟ್ಟ ಸೀರೆಯಲ್ಲೇ ತವರಿಗೆ ಹೊರಟುಹೋದಳು. ಅವಳ ದೂರಿನ ಮೇಲೆ ಪೊಲೀಸರು ಬಂದರು, ಹೊಳೆಯ ಗುಂಡಿಗಳನ್ನು ಮುಳುಗುಗಾರರಿಂದ ಹುಡುಕಿಸಿದರು. ದೇವದಾಸ ಹೋದ ಮೇಲೆ ಕೆಲವು ಮಳೆಗಾಲ ಕಂಡಿದ್ದ ಹೊಳೆ ಏನನ್ನೂ ಕೊಡಲಿಲ್ಲ. ವಾದ್ಯ ದಡದಲ್ಲಿ ಸಿಕ್ಕಿತು, ಮಾರಿದೆ ಎಂದ ಮಹಾಬಲ. ಅದನ್ನು ಸುಳ್ಳೆನ್ನಲು ಸಾಕ್ಷಿ ಸಿಗದೆ ಅವನನ್ನು ಬಿಟ್ಟುಬಿಟ್ಟರು.

ಅವನನ್ನು ಬಿಟ್ಟ ಸುದ್ದಿ ಇನ್ನೂ ಕಾಣಿಯೂರಿಗೆ ಮುಟ್ಟಿರಲಿಲ್ಲ. ಒಂದು ಸಂಜೆ ಕೃಷ್ಣಮೋಹನ ತೋಟದಿಂದ ಬರುವಾಗ, ಜಗಲಿಯಲ್ಲಿ ತಂದೆಯ ಜೊತೆ ಯಾರೋ ಎಲೆಯಡಿಕೆ ಹಾಕುತ್ತ ಹರಟುತ್ತಿದ್ದರು. ತಂದೆ ಬಹಳ ಖುಷಿಯಲ್ಲಿದ್ದರು.

"ಬಾ ಮಗ. ಇವರು ಆಲಂಕಾರಿನವರಂತೆ. ನಿನ್ನ ಪರಿಚಯ ಉಂಟಂತೆ."

ಮಹಾಬಲ ಎದ್ದು ನಿಂತು, ವಿನಯದಿಂದ ಕೈ ಮುಗಿದ.

"ಅವಸರ ಇಲ್ಲ ಭಟ್ರೆ, ಕೈಕಾಲು ತೊಳೆದು ಬನ್ನಿ," ಎಂದ. "ನಾನು ಇವತ್ತು ಇಲ್ಲೇ ನಿಲ್ಲುದು."